ಪದ್ಯಕ್ಕಿಂತ ಮೊದಲಿನ ಉಸಿರು

ಕಂಪ್ಯೂಟರಿನಲ್ಲಿ ಬರೀ ಅಂಕಿಗಳಾಗಿ ಕೂತಿರುವ ಹಾಡನ್ನು ಮತ್ತೆ ನಾದವಾಗಿಸಿ ಹೆಡ್‌ಫೋನಿಗೆ ಕೊಡುವ ಪುಟ್ಟ ಪೆಟ್ಟಿಗೆಗೆ ಡ್ಯಾಕ್ ಅನ್ನುತ್ತಾರೆ. ಎರಡು ವರ್ಷ ಆಸೆಪಟ್ಟು ಒಳ್ಳೆಯದೊಂದನ್ನು ತರಿಸಿಕೊಂಡಿದ್ದೆ. ಅದನ್ನು ನೋಡಲು ನನ್ನ ಸೋದರಮಾವ ಬಂದರು. ಆಲಂಕಾರಿನ ಸುತ್ತಮುತ್ತ ಮದುವೆಗೂ ಯಕ್ಷಗಾನಕ್ಕೂ ಮೈಕ್ ಕಟ್ಟಿಯೇ ವಯಸ್ಸಾದವರು ಅವರು.

"ಇಷ್ಟು ಸಣ್ಣದರಲ್ಲಿ ಎಂತ ಕೇಳುದು ಮಾರಾಯ?" ಎಂದು ನಕ್ಕರು.

ಉಪ್ಪಿನಂಗಡಿಯ ತಾಳಮದ್ದಳೆಯೊಂದರಲ್ಲಿ ಅವರೇ ಮುದ್ರಿಸಿದ್ದ ಹಳೆಯ ಕ್ಯಾಸೆಟ್ಟನ್ನು ನಾನು ಕಂಪ್ಯೂಟರಿಗೆ ಏರಿಸಿಟ್ಟಿದ್ದೆ. ಹೆಡ್‌ಫೋನನ್ನು ಅವರ ಕಿವಿಗಿಟ್ಟು ಅದನ್ನೇ ಹಾಕಿದೆ. ಮಾವ ಕಣ್ಣು ಮುಚ್ಚಿದರು. ಹೊರಗೆ ಮಧ್ಯಾಹ್ನದ ಬಿಸಿಲು ಅಲುಗದೆ ನಿಂತಿತ್ತು. ಅವರ ಬೆರಳುಗಳು ಮಾತ್ರ, ನೀರಿನೊಳಗೆ ಆಡುವಂತೆ, ಮೊಣಕಾಲ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದವು. ಥಟ್ಟನೆ ಕೈ ಎತ್ತಿದರು.

"ಪದ್ಯ ಎತ್ತುವ ಮೊದಲು ಭಾಗವತರು ಉಸಿರು ಎಳ್ಕೊಳ್ಳುದು ಕೇಳ್ತದೆ! ಅವತ್ತು ನಾನು ಅವರ ಬದಿಯಲ್ಲೇ ಕೂತಿದ್ದೆ. ಈ ಕ್ಯಾಸೆಟ್ ಎಷ್ಟು ಸಲ ಕೇಳಿದ್ದೇನೆ, ಇದು ಸಿಕ್ಕಿರ್ಲಿಲ್ಲ."

"ಮುಂದೆ ಹೋಗುದಾ ಮಾವ?"

"ಬೇಡ. ಆ ಉಸಿರನ್ನೇ ಇನ್ನೊಮ್ಮೆ ಹಾಕು."

ಹಾಕಿದೆ. ಮತ್ತೆ ಹಾಕಿದೆ. ಭಾಗವತರು ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಪ್ರತಿ ಸಲವೂ, ಅವರು ಈಗಷ್ಟೇ ಹಾಡಲು ಹೊರಟಿದ್ದಾರೆ ಎಂಬಂತೆ, ಮಾವನ ಮುಖ ಅರಳುತ್ತಿತ್ತು. ಕೊನೆಗೆ ಪದ್ಯವನ್ನು ಪೂರ್ತಿ ಹರಿಯಬಿಟ್ಟೆ. ಅದು ಮುಗಿದ ಮೇಲೂ ಅವರು ಹೆಡ್‌ಫೋನ್ ತೆಗೆಯಲಿಲ್ಲ.