ಸೆರಿ ಅಂಗಡಿಗೆ ಅಳೆದ ದಾರಿ

ದಾರೂಬಂದಿ ತಗದು ಸರಕಾರ ಸೆರಿ ಅಂಗಡಿಗೆ ಲೈಸೆನ್ಸು ಕೊಡಾಕ ಶುರು ಮಾಡಿದಾಗ ನಾ ಹುಬ್ಬಳ್ಳ್ಯಾಗ ಅಬಕಾರಿ ಕಚೇರಿ ಕಾರಕೂನ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬಾಗಲ ತಗಿಯೂದ್ರಾಗ ಅರ್ಜಿ ಹಿಡಕೊಂಡ ಮಂದಿ ಬಂದು ನಿಂತಿರತಿದ್ರು. ನನಗ ಕುರ್ಚಿ ಮ್ಯಾಲ ಕುಂಡ್ರಾಕ ಆಗತಿರಲಿಲ್ಲ. ನೀರು ಕುಡ್ಯಾಕ ಏಳತಿದ್ದೆ, ಚಾದಂಗಡಿಗೆ ಹೋಗತಿದ್ದೆ, ಬಂದು ನಾಕ ಸಾಲು ಬರದು ಮತ್ತ ಏಳತಿದ್ದೆ. ಯಾಕಂದ್ರ ಮನ್ಯಾಗ ನಮ್ಮಪ್ಪ ಇದ್ದ.

ಅಪ್ಪ ಬೆಂಗೇರಿ ಕಡೆ ಒಂದು ಸಣ್ಣ ಸಾಲಿ ಮಾಸ್ತರ. ದೊಡ್ಡವರಾದ ಮ್ಯಾಲೂ ಕುಡಿಯೂದಿಲ್ಲ ಅಂತ ಹುಡುಗರ ಕಡಿಂದ ಮಾತು ತಗೋತಿದ್ದ. ರವಿವಾರ ಚರ್ಚಿನ್ಯಾಗ ಅವರಪ್ಪಂದಿರ ಕಡಿಂದನೂ ತಗೋತಿದ್ದ.

"ರೊಕ್ಕ ಬೇಕಂತ ಸರಕಾರ ಮಂದಿಗೆ ಕುಡಸೂದೇನು? ಥೂ!" ಅಂತ ನನ್ನ ಮ್ಯಾಲ ಹರಿಹಾಯತಿದ್ದ, ರಾಜ್ಯಾ ನಾನ ಆಳಾಕತ್ತೇನಿ ಅನ್ನೂಹಂಗ. ಇದನ್ನ ನಮ್ಮ ಸಾಹೇಬರ ಮುಂದ ಹೇಳಿದ್ರ ಅವರು ನಕ್ಕು, "ಅವರ ಸಾಲಿ ಗ್ರಾಂಟು ಎಲ್ಲಿಂದ ಬರತದ ಅಂತ ಕೇಳಪಾ" ಅಂದ್ರು. ಕೇಳಿ ಯಾರು ಬೈಸಿಕೊಳ್ಳಬೇಕು?

ಅಷ್ಟರಾಗ ಅದ ಸಾಲಿ ಹಿಂದಿನ ಓಣ್ಯಾಗ ಅಂಗಡಿ ಹಾಕತೇನಿ ಅಂತ ಒಬ್ಬಾಂವ ಅರ್ಜಿ ಕೊಟ್ಟ. ಅಪ್ಪ ತಕರಾರು ಬರದ. ಜನ ನಡ್ಯಾಡೂ ದಾರಿ ಹಿಡದು ಸಾಲಿಯಿಂದ ಅಂಗಡಿಗೆ ನೂರು ಮೀಟರ ದಾಟಿರಬೇಕು, ಇಲ್ಲಾಂದ್ರ ಲೈಸೆನ್ಸಿಲ್ಲ ಅಂತ ಮ್ಯಾಲಿನವರು ನಮಗ ಹೇಳಿದ್ರು. ಅಳ್ಯಾಕ ಸಾಹೇಬರು ನನ್ನನ್ನ ಕರಕೊಂಡು ಹೋದ್ರು.

ಸಾಲಿ ಹಿಂದ ಕಂಪೌಂಡ ಗ್ವಾಡಿ ಒಂದ ಕಡೆ ಬಿದ್ದಿತ್ತು. ಅಲ್ಲಿಂದ ದಾಟಿದ್ರ ಅಂಗಡಿ ಇಲ್ಲೇ, ನೂರು ಮೀಟರೂ ಇಲ್ಲ. ಗೇಟಿನಿಂದ ಸುತ್ತು ಹಾಕಿದ್ರ ದೂರ. ಬಿದ್ದಲ್ಲೆ ಅಪ್ಪ ಜಾಲಿ ಮುಳ್ಳು ಹಚ್ಚಿಸಿದ್ದ. ಮುಂಜಾನೆ ಗೇಟಿನ್ಯಾಗ ಅಂವಾ ನಿಂತಿರತಿದ್ದ, ಅದಕ್ಕ ಹುಡುಗರು ಶಿಸ್ತೀಲೆ ಗೇಟಿನಿಂದ ಬರತಿದ್ರು. ಸಂಜಿಮುಂದ ಅಂವಾ ಖೋಲಿಗೆ ಕೀಲಿ ಹಾಕೂದ್ರಾಗ ಮುಳ್ಳು ಸರಸಿ ಇಡೀ ಸಾಲಿ ಆ ಸಂದ್ಯಾಗಿಂದ ಪಾರಾಗತಿತ್ತು. ಆ ಸಾಲ್ಯಾಗ ಕಲಿಯೂಮುಂದ ನಾನೂ ಹಂಗ ಓಡಿದಾಂವನ.

"ಮಾಸ್ತರ್ರ, ಹುಡುಗರು ಯಾವ ಕಡಿಂದ ಹೋಗಿ ಬರತಾರ್ರಿ?" ಅಂತ ಸಾಹೇಬರು ಕೇಳಿದ್ರು.

"ಗೇಟಿನಿಂದನ ರಿ. ಗ್ವಾಡಿ ಜಿಗಿಯೂ ಚಾಳಿ ನಮ್ಮ ಹುಡುಗರಿಗಿಲ್ಲ" ಅಂದ ಅಪ್ಪ, ಎದಿ ಉಬ್ಬಿಸಿ.

ಅಯ್ಯ ಅಪ್ಪಾ! ಮಾತು ನಾಲಿಗಿ ತುದಿಗೆ ಬಂದಿತ್ತು. ಸಾಹೇಬರು ನನ್ನ ಮಾರಿ ನೋಡಿದ್ರು. ನನ್ನ ಕಾಯಮಾತಿ ಕಾಗದ ಅವರ ಟೇಬಲ್ಲಿನ ಮ್ಯಾಲ ಇತ್ತು. ನಾ ಬಾಯಿ ಮುಚ್ಚಿಕೊಂಡು ಟೇಪು ಬಿಚ್ಚಿದೆ.

ಯಾರೂ ಮೋಸ ಮಾಡಬಾರದಂತ ಟೇಪಿನ ಇನ್ನೊಂದು ತುದಿ ಅಪ್ಪ ತಾನ ಹಿಡದ. "ಸಡ್ಲ ಬಿಡಬ್ಯಾಡ, ಬಿಗಿ ಹಿಡಿ" ಅಂತ ಹೆಜ್ಜಿಗೊಮ್ಮೆ ನನಗ ಗದರಸತಿದ್ದ. ನನಗೋ, ಲಗೂ ಮುಗದ್ರ ಸಾಕಾಗಿತ್ತು. ಗೇಟಿನಿಂದ ಸುತ್ತು ಹಾಕಿ ಅಂಗಡಿ ಬಾಗಲಕ್ಕ ಮುಟ್ಟೂದ್ರಾಗ ನೂರು ದಾಟಿತ್ತು. ಅಪ್ಪ ಬಗ್ಗಿ ತಾನ ಎರಡ ಸಲ ಓದಿದ. ಮಾರಿ ಸಣ್ಣದಾತು. ಆದ್ರೂ ಪಂಚನಾಮಿಗೆ ಸಹಿ ಮಾಡಿದ. "ಇದ್ದದ್ದು ಇದ್ದಾಂಗ ಐತಿ, ಸಹಿ ಮಾಡಾಕ ನನಗೇನು ಹೆದರಿಕಿ" ಅಂದ. ಅವತ್ತ ನನಗ ನನ್ನ ಮ್ಯಾಲ ಬಂದಷ್ಟು ಸಿಟ್ಟು ಯಾರ ಮ್ಯಾಲೂ ಬಂದಿಲ್ಲ.

ನೌಕರಿ ಕಾಯಂ ಆತು. ಅಂಗಡೀನೂ ಶುರು ಆತು. ವಾರ ತುಂಬೂದ್ರಾಗ ನಾಕೈದು ಮಂದಿ ತಾಯಂದಿರು ನಮ್ಮ ಮನಿ ಬಾಗಲಕ್ಕ ಬಂದ್ರು. ಸಂಜಿಕೆ ಕುಡದು ಬಿದ್ದವರನ್ನ ದಾಟಿ ಹುಡುಗರು ಮನಿಗೆ ಬರಬೇಕಾಗೈತಿ, ಒಂದು ಹುಡುಗಿ ಕೈ ಹಿಡದು ಎಳದಾರ ಅಂತ ಬಾಯಿ ಮಾಡಾಕತ್ತಿದ್ರು.

"ಯಾರು ಅಳದಾರ್ರಿ ಮಾಸ್ತರ್ರ ಇದನ್ನ? ಅವರಿಗೇನು ಕಣ್ಣಿರಲಿಲ್ಲೇನು?"

ನಾ ಒಳಗಿನ ಬಾಗಲದಾಗ ನಿಂತಿದ್ದೆ.

ಅಪ್ಪ ಸಾವಕಾಶ ಅಂದ, "ಟೇಪು ನಾನ ಹಿಡದಿದ್ದೆನವ್ವಾ. ನನ್ನ ಮಗಾನೂ ಜೋಡಿ ಇದ್ದ. ಅಂವಾ ಇದ ಸಾಲ್ಯಾಗ ಕಲತಾಂವ. ಬ್ಯಾರೆ ದಾರಿ ಇದ್ದಿದ್ರ ಅಂವಾ ಸುಮ್ಮನ ಇರತಿದ್ದನೇನು?"

ಎಲ್ಲಾರೂ ಅಪ್ಪನ ಹೆಗಲ ಮ್ಯಾಲಿಂದ ನನ್ನ ಕಡೆ ನೋಡಿದ್ರು. ಅವರಾಗ ಒಬ್ಬಾಕಿ ನನ್ನ ಜೋಡಿ ಒಂದ ವರ್ಗದಾಗ ಕಲತಾಕಿ, ಆ ಸಂದ್ಯಾಗಿಂದನ ಓಡಿದಾಕಿ. ನಾ ತಲಿ ಕೆಳಗ ಹಾಕೂತನಕ ನನ್ನನ್ನ ನೋಡಿದ್ಲು.

ಆಮ್ಯಾಲ ಅಪ್ಪನ ಕಡೆ ತಿರುಗಿ, "ಇಲ್ರಿ ಮಾಸ್ತರ್ರ, ನಿಮ್ಮ ಮಗಾ ಹೆಂಗ ಸುಮ್ಮನ ಇರತಿದ್ದನ್ರಿ" ಅಂದು, ಉಳಿದವರನ್ನ ಕರಕೊಂಡು ಹೋದ್ಲು.