ಏಕಾದಶಿಯ ಅನ್ನ

ಏಕಾದಶಿ ಬಂತೆಂದರೆ ತಂಗಿಯನ್ನು ಕಂಡು ನನಗೆ ಮೈ ಉರಿಯುತ್ತಿತ್ತು. ಶಿರಸಿಯ ನಮ್ಮ ಮನೆಯಲ್ಲಿ ಅಂದು ಅನ್ನ ನಿಷಿದ್ಧ. ಮಕ್ಕಳೂ ಸೇರಿ ಎಲ್ಲರಿಗೂ ಗೋಧಿ ರವೆಯ ಉಪ್ಪಿಟ್ಟು. ತಂಗಿಗೆ ಮಾತ್ರ ಬಿಸಿ ಅನ್ನ, ತುಪ್ಪ. “ಕೂಸಿಗೆ ದೋಷ ಇಲ್ಲೆ,” ಎಂದು ಅಜ್ಜಿಯೇ ತೀರ್ಪು ಕೊಟ್ಟಿದ್ದಳು. ತಂಗಿಗೆ ಸೀಲಿಯಾಕ್ ಕಾಯಿಲೆ. ಗೋಧಿಯ ಒಂದು ಚೂರು ಹೊಟ್ಟೆಗೆ ಹೋದರೂ ಕರುಳು ಕೆಡುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಅಜ್ಜಿಗೆ ಇದು ತಟ್ಟನೆ ಅರ್ಥವಾಯಿತು. ಜೀವಮಾನವಿಡೀ ಮಡಿ ಮಾಡಿದವಳಲ್ಲವೇ! ತಂಗಿಯ ಪಾತ್ರೆ ಬೇರೆ, ಸೌಟು ಬೇರೆ. ನಾನು ಹತ್ತಿರ ಸುಳಿದರೆ ಸಾಕು, “ಗೋಧಿ ಕೈಯಲ್ಲಿ ಮುಟ್ಟಡ!” ಎಂದು ಕೂಗುತ್ತಿದ್ದಳು.

ನನಗೂ ಹೊಟ್ಟೆಯುಬ್ಬರ, ಭೇದಿ. ಅದರ ಮೇಲೆ ವರ್ಷವಿಡೀ ನೆಗಡಿ, ಸೋರುವ ಕಿವಿ. ಆದರೆ ತಂಗಿಯ ಜೊತೆಗೇ ಮಾಡಿಸಿದ ನನ್ನ ರಕ್ತಪರೀಕ್ಷೆ ನಾರ್ಮಲ್ ಬಂದಿತ್ತು. ಹಾಗಾಗಿ ನನ್ನದು ಬರೀ ನಾಟಕ. “ತಂಗಿಗೆ ಕೊಟ್ಟಿದ್ದೆಲ್ಲ ನಿಂಗೂ ಬೇಕಾ?” ಎಂದು ಅಮ್ಮ ರೇಗುತ್ತಿದ್ದಳು. ಬೇಕಿತ್ತು. ಅನ್ನ ಬೇಕಿತ್ತು, ತುಪ್ಪ ಬೇಕಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಆ ಕಾಯಿಲೆಯ ಹೆಸರು ಬೇಕಿತ್ತು. ಅವಳು ನರಳಿದರೆ ಎಲ್ಲರೂ ಓಡಿ ಬರುತ್ತಿದ್ದರು. ನಾನು ನರಳಿದರೆ ಓಮದ ನೀರು ಕುಡಿಸಿ ಶಾಲೆಗೆ ಅಟ್ಟುತ್ತಿದ್ದರು.

ಏಳನೇ ಕ್ಲಾಸಿನಲ್ಲಿ ನ್ಯುಮೋನಿಯಾ ಆಗಿ ಅದೇ ಡಾಕ್ಟರ ಬಳಿ ಹೋದೆ. ನನ್ನ ಕಡ್ಡಿ ಕೈಕಾಲು ನೋಡಿ ಅವರು ಇನ್ನೊಂದು ಪರೀಕ್ಷೆ ಬರೆದುಕೊಟ್ಟರು. ರೋಗದ ವಿರುದ್ಧ ಮೈಯಲ್ಲಿ ತಯಾರಾಗಬೇಕಾದ ಐಜಿಎ ಎಂಬ ಪ್ರತಿಕಾಯ ನನ್ನ ರಕ್ತದಲ್ಲಿ ಇರಲೇ ಇಲ್ಲ.

“ಮೊದಲಿನ ಪರೀಕ್ಷೆ ಹುಡುಕೋದು ಅದನ್ನ ರೀ. ಈಕಿ ಮೈಯಾಗ ಅದು ಇಲ್ಲೇ ಇಲ್ಲ. ಕಾಯಿಲೆ ಇದ್ರೂ ಅದ್ರಾಗ ಕಾಣಂಗಿಲ್ಲ,” ಎಂದರು ಡಾಕ್ಟರು. ಕರುಳಿನ ಚೂರು ತೆಗೆದು ನೋಡಿದಾಗ ನನ್ನದೂ ಸೀಲಿಯಾಕೇ. ಅಮ್ಮ ಅಲ್ಲೇ ಅತ್ತುಬಿಟ್ಟಳು. ನನಗೆ ಮಾತ್ರ ಎಲ್ಲಿಲ್ಲದ ಖುಷಿ.

ಮುಂದಿನ ಏಕಾದಶಿಗೆ ಎರಡು ತಟ್ಟೆಗಳಲ್ಲಿ ಅನ್ನ. ತಂಗಿ ತನ್ನ ತಟ್ಟೆಯನ್ನು ಮುಂದೆ ತಳ್ಳಿದಳು.

“ಅಜ್ಜಿ, ಮೊದ್ಲು ಯಂಗೆ ಬಡಿಸು. ಕಾಯಿಲೆ ಮೊದ್ಲು ಬಂದಿದ್ದು ಯಂಗೇ ಅಲ್ದಾ?”

ಅಜ್ಜಿ ತುಪ್ಪದ ಚಮಚ ಹಿಡಿದು ನನ್ನ ಕಡೆ ತಿರುಗಿದಳು. “ಇದ್ಕೂ ಯಾವಾಗ್ಲೋ ಬಂದಿತ್ತು. ಯಂಗಕ್ಕೇ, ಮನೆ ದೊಡ್ಡವಕ್ಕೇ, ಗೊತ್ತಾಜಿಲ್ಲೆ,” ಎಂದು ನನ್ನ ಅನ್ನದ ಮೇಲೆ ಸುರಿದಳು. ಸಾಲದೇನೋ ಎಂದು ಇನ್ನೊಂದು ಚಮಚ ಸುರಿದಳು.

ತಂಗಿ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಆ ನೋಟದ ಪರಿಚಯ ನನಗಿಂತ ಚೆನ್ನಾಗಿ ಯಾರಿಗಿತ್ತು? ಅವಳಿಗೆ ಕಾಣುವ ಹಾಗೆ ನಿಧಾನವಾಗಿ, ಒಂದು ಅಗುಳೂ ಬಿಡದೆ ಉಂಡೆ.