ಸುಧಕ್ಕ ಬಿಟ್ಟುಕೊಟ್ಟ ರೂಮು

ಇದು ಕಟ್ಟುಕಥೆಯಲ್ಲ. ಕಟ್ಟುಕಥೆಯಾಗಿದ್ದರೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೇ? ಪ್ರತಿ ದೀಪಾವಳಿ ಪಾರ್ಟಿಯಲ್ಲೂ ಹೇಳಿ ನಾಲ್ಕು ಜನರನ್ನು ಹೆದರಿಸುತ್ತಿದ್ದೆ. ನಡೆದದ್ದು ನನಗೆ, ನನ್ನ ಎರಡು ಕಾಲಿಗೆ. ಎಂಥ ಸೆಕೆಯಿದ್ದರೂ ನಾನು ಇವತ್ತಿಗೂ ಕಾಲನ್ನು ಹೊದಿಕೆಯಿಂದ ಆಚೆ ಇಡುವುದಿಲ್ಲ.

ಆಗ ನಾವು ಇಂಗ್ಲೆಂಡಿನ ಶೆಫೀಲ್ಡ್‌ನ ಬ್ರೂಮ್‌ಹಿಲ್‌ನಲ್ಲಿದ್ದೆವು. ನಮ್ಮವರು ಆಸ್ಪತ್ರೆಯ ಡಾಕ್ಟರು, ಡ್ಯೂಟಿ ಪಟ್ಟಿ, ಅದೇ ರೋಟಾ, ಹೇಳಿದಂತೆ ನಮ್ಮ ಬದುಕು. ಮಗಳು ಅನು ಹುಟ್ಟಿದಾಗ ನಮ್ಮಮ್ಮನಿಗೆ ವೀಸಾ ಸಿಗಲಿಲ್ಲ. ನನ್ನ ಬಾಣಂತನ ಮಾಡಿದ್ದು ಪಕ್ಕದ ಬೀದಿಯ ಸುಧಕ್ಕ. ಮೈಸೂರಿನವರು, ಗಂಡ ಮೂರ್ತಿ ಡಾಕ್ಟ್ರು ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು. ಹೆರಿಗೆಯಾದ ವಾರ ನನಗೆ ಜ್ವರ ಏರಿದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ಆಕೆಯೇ. ಈ ದೇಶದಲ್ಲಿ ನನಗೊಂದು ತವರು ಅಂತ ಇದ್ದರೆ ಅದು ಸುಧಕ್ಕನ ಅಡುಗೆಮನೆ.

ಅನುಗೆ ಎರಡು ತುಂಬಿದ ವರ್ಷ ಎರಡೂ ಮನೆಯವರು ಸೇರಿ ಆಲ್ಪ್ಸ್ ಬೆಟ್ಟದ ನಡುವಿನ ಒಂದು ಬಿಸಿನೀರ ಬುಗ್ಗೆಯ ಊರಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಆದರೆ ನಮ್ಮ ಇಂಡಿಯನ್ ಪಾಸ್‌ಪೋರ್ಟಿಗೆ ಯೂರೋಪಿನ ವೀಸಾ ಸಮಯಕ್ಕೆ ಆಗಲಿಲ್ಲ. ನಾನು ಮುಖ ಊದಿಸಿಕೊಂಡು ಕೂತಾಗ ಸುಧಕ್ಕನೇ ಹೇಳಿದರು: "ಅದಕ್ಯಾಕೆ ಅಷ್ಟು ಬೇಜಾರು? ಮ್ಯಾಟ್‌ಲಾಕ್ ಬಾತ್‌ಗೆ ಹೋಗೋಣ. ಇಲ್ಲೇ ಡರ್ಬಿಶೈರ್‌ನಲ್ಲಿದೆ. ಬಂಡೆ, ಬುಗ್ಗೆ, ಕೇಬಲ್ ಕಾರು ಎಲ್ಲಾ ಇದೆ. ಇಂಗ್ಲಿಷಿನವರೇ ಅದನ್ನ ಲಿಟಲ್ ಸ್ವಿಟ್ಜರ್ಲೆಂಡ್ ಅಂತಾರೆ!"

ಉಳಿಯುವುದೆಲ್ಲಿ ಎಂದು ಎರಡು ವಾರ ಫೋನಿನಲ್ಲಿ ಚರ್ಚೆ. ನನಗೆ ನದಿ ಪಕ್ಕದ ಹೋಟೆಲು ಇಷ್ಟವಾಗಿತ್ತು. "ಅಲ್ಲಿ ಅನ್ನ ಮಾಡ್ಕೊಳ್ಳೋಕೆ ಬಿಡಲ್ಲ ಕಣೇ," ಅಂದರು ಸುಧಕ್ಕ. "ಮಗುಗೆ ಮೂರು ದಿನ ಚಿಪ್ಸ್ ತಿನ್ನಿಸ್ತೀಯಾ? ಬೆಟ್ಟದ ಮೇಲೆ ಒಂದು ಗೆಸ್ಟ್‌ಹೌಸಿದೆ. ಹೋದ ವರ್ಷ ನಾವು ಉಳ್ಕೊಂಡಿದ್ವಿ, ಅಡುಗೆಮನೆ ಕೊಡ್ತಾರೆ." ನಮ್ಮವರ ಮುಂದೆ ಅನ್ನದ ಮಾತೆತ್ತಿದರೆ ಮುಗಿಯಿತು. ರೈಸ್ ಕುಕ್ಕರ್ ಸಮೇತ ಹೊರಟೆವು.

ಅದು ಹಳೇ ಕಾಲದ ಕಲ್ಲಿನ ಕಟ್ಟಡ. ಹಿಂದೆ ರೋಗಿಗಳನ್ನು ತಂದು, ಬುಗ್ಗೆಯ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಚಿಕಿತ್ಸೆ ಮಾಡುತ್ತಿದ್ದರಂತೆ. ನಮಗೆ ಎರಡು ರೂಮು. ಕೆಳಗಿನದು ಗೂಡಿನಷ್ಟು ಚಿಕ್ಕದು. ಮೇಲಿನದಕ್ಕೆ ಬಾಲ್ಕನಿ, ದೊಡ್ಡ ಮಂಚ, ಎದುರಿಗೆ ಇಡೀ ಕಣಿವೆ.

ಅವರು ದೊಡ್ಡವರು, ಮೇಲಿನದನ್ನು ಅವರೇ ತಗೊಳ್ಳಲಿ ಎಂದು ನಾನು ಚಿಕ್ಕ ರೂಮಿನ ಕಡೆ ಬ್ಯಾಗು ಎಳೆದೆ. ಸುಧಕ್ಕ ಕೈ ಹಿಡಿದು ನಿಲ್ಲಿಸಿದರು. "ಮಗು ಇರೋರು ನೀವು. ದೊಡ್ಡದು ನಿಮಗೇ. ನನ್ ಮಾತು ಕೇಳು."

ನನ್ನ ಕಣ್ಣು ಒದ್ದೆಯಾಯಿತು. ಎಷ್ಟು ದೊಡ್ಡ ಮನಸ್ಸು ಅಂದುಕೊಂಡೆ, ಪೆದ್ದಿ ನಾನು.

ಎಲ್ಲಿಗೆ ಹೋದರೂ ಮಲಗುವ ಮುಂಚೆ ದಿಕ್ಕು ನೋಡುವುದು ನನ್ನ ಅಭ್ಯಾಸ. ಸೂರ್ಯ ಬಾಲ್ಕನಿ ಕಡೆ ಮುಳುಗಿದ್ದ. ಹಾಗಾದರೆ ಮಂಚದ ತಲೆ ಇದ್ದದ್ದು ಸರಿಯಾಗಿ ಉತ್ತರಕ್ಕೆ! ಎಳೆದರೆ ಮಂಚ ಅಲ್ಲಾಡಲಿಲ್ಲ, ಗೋಡೆಗೆ ಬಿಗಿದಿದ್ದರು. ದಿಂಬುಗಳನ್ನೆಲ್ಲ ಕಾಲಿನ ಕಡೆಗೆ ತಂದು ಹಾಕಿದೆ.

"ಇಂಗ್ಲೆಂಡಲ್ಲೂ ಇದು ನಡೆಯತ್ತೇನೇ?" ನಮ್ಮವರು ನಕ್ಕರು.

"ಉತ್ತರ ಎಲ್ಲಾ ಕಡೆ ಉತ್ತರಾನೇ. ಸುಮ್ನೆ ಮಲಕ್ಕೊಳಿ."

ಚಿಲಕ ಹಾಕಿ, ಅನುವನ್ನು ನಡುವೆ ಮಲಗಿಸಿಕೊಂಡು, ಉಲ್ಟಾ ಮಲಗಿದೆವು.

ಎಷ್ಟು ಹೊತ್ತಾಗಿತ್ತೋ... ನೀರಿನ ಸದ್ದಿಗೆ ನಿದ್ದೆ ತಿಳಿಯಾಯಿತು. ನಲ್ಲಿ ತೊಟ್ಟಿಕ್ಕುವ ಸದ್ದಲ್ಲ. ಯಾರೋ ಬೋಗುಣಿಯಲ್ಲಿ ಬಟ್ಟೆ ಅದ್ದಿ ಹಿಂಡುವ ಸದ್ದು. ತುಕ್ಕು ಹಿಡಿದ ಕಬ್ಬಿಣದ ವಾಸನೆ, ಅದರ ಜೊತೆ ದಿನಗಟ್ಟಲೆ ಒಣಗದ ಬಟ್ಟೆಯ ಮುಗ್ಗಲು.

ನನ್ನ ಕಾಲಿನ ಮೇಲೆ ತಣ್ಣಗೆ ಒದ್ದೆ ಬಟ್ಟೆ ಬಿತ್ತು.

ಬಿತ್ತು ಅಂದರೆ ತಪ್ಪು... ಹಾಕಿದರು. ಜೋಪಾನವಾಗಿ, ಅಂಚು ಸರಿಮಾಡಿ, ಮೆಲ್ಲಗೆ ಒತ್ತಿದರು. ಅರೆನಿದ್ದೆಯಲ್ಲಿ ನನಗೆ ಬಾಣಂತನದ ಜ್ವರದ ರಾತ್ರಿಯೇ ನೆನಪು. "ಸಾಕು ಅಕ್ಕಾ... ಜ್ವರ ಬಿಟ್ಟಿದೆ," ಅಂದೆ.

ಕೈ ತಟಕ್ಕನೆ ನಿಂತಿತು.

ಆಗ ಎಚ್ಚರವಾಯಿತು. ಬಾಗಿಲಿಗೆ ಚಿಲಕ ಹಾಕಿದ್ದು ನಾನೇ!

ಬಟ್ಟೆ ಎದ್ದಿತು. ಐದು ತಣ್ಣನೆ ಬೆರಳು ನನ್ನ ಕಾಲ್ಬೆರಳನ್ನು ಒಂದೊಂದಾಗಿ ಮುಟ್ಟಿ ನೋಡಿದವು. ಇದೇನು ಹೀಗಿದೆ ಎನ್ನುವಂತೆ... ಆಮೇಲೆ ಪಕ್ಕಕ್ಕೆ ಸರಿದು ಅನುವಿನ ಪುಟ್ಟ ಪಾದ ಹಿಡಿದವು. ಅನು ನಿದ್ದೆಯಲ್ಲೇ ಕಾಲು ಕೊಸರಿದಳು. ಅವಳನ್ನು ಎದೆಗೆ ಎಳೆದುಕೊಂಡೆ. ಕಿರುಚಲು ಬಾಯಿ ತೆರೆದರೆ ಧ್ವನಿಯೇ ಇಲ್ಲ.

ಕೈ ಹೊದಿಕೆಯ ಮೇಲೆ ನಮ್ಮತ್ತ ಬರತೊಡಗಿತು. ಮೊಣಕಾಲು... ತೊಡೆ... ಅದಕ್ಕೆ ಹಣೆ ಬೇಕಿತ್ತು. ಹಣೆ ಎಲ್ಲಿದೆ ಎಂದು ಹುಡುಕುತ್ತಿತ್ತು.

"ರೀ!" ಕೊನೆಗೂ ಧ್ವನಿ ಹೊರಟಿತು.

ನಮ್ಮವರು ದೀಪ ಹಾಕಿದರು. ಯಾರೂ ಇಲ್ಲ, ಚಿಲಕ ಹಾಕಿದ್ದ ಹಾಗೇ ಇತ್ತು. ನಮ್ಮ ಕಾಲಿದ್ದ ಕಡೆ ಹಾಸಿಗೆ ಮಾತ್ರ ತೊಯ್ದಿತ್ತು. "ಮಗು ಮಾಡ್ಕೊಂಡಿರ್ಬೇಕು, ಮಲಕ್ಕೋ," ಎಂದು ಅವರು ಮಗ್ಗುಲಾದರು. ಅನುವಿನ ನ್ಯಾಪಿ ಮುಟ್ಟಿ ನೋಡಿದೆ. ಒಣಗಿತ್ತು.

ಬೆಳಗಾಗುವವರೆಗೆ ಮಗುವನ್ನು ಅಪ್ಪಿಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಬೆಳಕು ಹರಿಯುತ್ತಲೇ ಅಡುಗೆಮನೆಗೆ ಓಡಿದೆ. ಸುಧಕ್ಕನ ಭುಜದ ಮೇಲೆ ತಲೆಯಿಟ್ಟು ಅತ್ತುಬಿಡಬೇಕು ಅನ್ನಿಸಿತ್ತು. ಅವರು ಕಾಫಿ ಬೆರೆಸುತ್ತಿದ್ದರು. ನನ್ನನ್ನು ನೋಡಿದ್ದೇ ಬಾಗಿಲ ಕಡೆ ಕಣ್ಣು ಹಾಯಿಸಿ ಪಿಸುಗುಟ್ಟಿದರು:

"ಹಣೆ ಮೇಲೆ ಹಾಕ್ತಾ ಒದ್ದೆ ಬಟ್ಟೆ?"

ನಾನಿನ್ನೂ ಬಾಯಿಯೇ ಬಿಟ್ಟಿರಲಿಲ್ಲ!

"ನಿಮಗೆ... ನಿಮಗೆ ಹೇಗೆ ಗೊತ್ತು?"

"ಹೋದ ವರ್ಷ ಆ ರೂಮಲ್ಲಿದ್ದಿದ್ದು ನಾವೇ ಕಣೇ. ಹಣೆಗೆ ಹಾಕಿ, ಆಮೇಲೆ ಮೂಗು ಬಾಯಿ ಎಲ್ಲಾ ಮುಚ್ಚಿಬಿಡ್ತು. ಉಸಿರೇ ಬರ್ಲಿಲ್ಲ ವಾಣಿ." ಅವರು ಕಾಫಿ ಬೆರೆಸುವುದನ್ನು ನಿಲ್ಲಿಸಿದರು. "ಇವರು ನಂಬಲಿಲ್ಲ. ಕಂಡೋರ ಮುಂದೆಲ್ಲಾ ಹೇಳ್ಕೊಂಡು ನಕ್ಕರು, ನಿದ್ದೆ ಮಾತ್ರೆ ಕೊಟ್ರು. ಇನ್ನೊಬ್ಬರಿಗೂ ಹೀಗಾದ್ರೆ ಆಗಲಾದ್ರೂ... ನೀನು ಹೇಳಿದ್ರೆ ನಂಬ್ತಾರೆ. ಒಂದು ಮಾತು ಹೇಳೇ."

ದಿಂಬು ತಿರುಗಿಸದೆ ಮಲಗಿದ್ದರೆ ಆ ಬಟ್ಟೆ ಬೀಳುತ್ತಿದ್ದದ್ದು ನನ್ನ ಮುಖದ ಮೇಲೆ, ಆಮೇಲೆ ನನ್ನ ಮಗುವಿನ ಮುಖದ ಮೇಲೆ.

"ಅನು ಇದ್ಲಲ್ಲ ಅಕ್ಕಾ ಅಲ್ಲಿ," ಅಂದೆ. "ನಿಮ್ಮ ಕೈಯಲ್ಲೇ ಬೆಳೆದ ಮಗು."

ಅವರು ತಲೆ ತಗ್ಗಿಸಿ ಮತ್ತೆ ಕಾಫಿ ಬೆರೆಸತೊಡಗಿದರು. ರಾತ್ರಿ ಮುಟ್ಟಿದ ಕೈಗೂ ನಾನು ಅಷ್ಟು ಹೆದರಿರಲಿಲ್ಲ. ಆ ಕೈಗೆ ನಾನು ಯಾರೆಂದು ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು.

ಅಷ್ಟರಲ್ಲಿ ಮೂರ್ತಿ ಡಾಕ್ಟ್ರು ಒಳಗೆ ಬಂದರು. "ಏನಮ್ಮಾ ವಾಣಿ, ಬಾಲ್ಕನಿ ರೂಮಲ್ಲಿ ನಿದ್ದೆ ಬಂತಾ? ನಮ್ಮವಳ ದೆವ್ವ ಏನಾದ್ರೂ ಮಾತಾಡಿಸ್ತಾ?"

ಸುಧಕ್ಕ ನನ್ನನ್ನೇ ನೋಡುತ್ತಿದ್ದರು. ಅಷ್ಟು ಆಸೆಯಿಂದ ಯಾರೂ ನನ್ನನ್ನು ನೋಡಿದ್ದಿಲ್ಲ.

"ಇಲ್ಲ ಸಾರ್," ಅಂದೆ. "ತುಂಬಾ ಚೆನ್ನಾಗಿ ನಿದ್ದೆ ಬಂತು."

ಅವರು ಗಹಗಹಿಸಿ ನಕ್ಕರು. ಸುಧಕ್ಕ ಕಾಫಿ ಲೋಟ ನನ್ನ ಮುಂದಿಟ್ಟು ಹೊರಗೆ ಹೋದರು. ನಾವು ಅವತ್ತೇ ನೆಪ ಹೇಳಿ ವಾಪಸಾದೆವು. ಮರುವರ್ಷ ಲೀಡ್ಸ್‌ನ ಹೆಡಿಂಗ್ಲೀಗೆ ಮನೆ ಬದಲಾಯಿಸಿದೆವು, ಫೋನು ತಾನಾಗಿಯೇ ನಿಂತಿತು. ಆ ಸುಳ್ಳು ಹೇಳಿ ತಪ್ಪು ಮಾಡಿದೆ ಅನ್ನಿಸಿಲ್ಲ. ಅವರು ಮಾಡಿದ್ದಕ್ಕೆ ಅದೇ ಸರಿ ಎಂದೇ ಇಷ್ಟು ದಿನ ಇದ್ದೆ.

ಮೊನ್ನೆ ಚಳಿಗಾಲದಲ್ಲಿ ಅನುಗೆ ಜೋರು ಜ್ವರ. ನಮ್ಮವರಿಗೆ ನೈಟ್ ಡ್ಯೂಟಿ. ಹಣೆಗೆ ಒದ್ದೆ ಬಟ್ಟೆ ಹಾಕಲು ನನಗೆ ಈಗ ಕೈಯೇ ಬರುವುದಿಲ್ಲ. ಔಷಧಿ ಕುಡಿಸಿ, ಪಕ್ಕದಲ್ಲೇ ಕೂತು, ಯಾವಾಗಲೋ ತೂಕಡಿಸಿದೆ. ಎಚ್ಚರವಾದಾಗ ಜ್ವರ ಇಳಿದಿತ್ತು. ಅವಳ ಹಣೆ, ಕೂದಲು, ದಿಂಬು ಎಲ್ಲ ತೊಯ್ದಿತ್ತು.

"ಬೆವರು ಕಣೇ. ಜ್ವರ ಬಿಡುವಾಗ ಹಾಗೇ ಆಗೋದು," ಬೆಳಿಗ್ಗೆ ಬಂದ ನಮ್ಮವರು ಅಂದರು.

ಇರಬಹುದು... ಆದರೆ ಬೆವರಿಗೆ ತುಕ್ಕಿನ ವಾಸನೆ ಇರುತ್ತದೆಯೇ?

ಅವರು ಮಲಗಿದ ಮೇಲೆ ಫೋನು ಕೈಗೆತ್ತಿಕೊಂಡೆ. ನನ್ನ ಮಾತನ್ನು ನಂಬುವವರು ಈ ದೇಶದಲ್ಲಿ ಒಬ್ಬರೇ ಇದ್ದಾರೆ. ಶೆಫೀಲ್ಡ್ ನಂಬರು ಇನ್ನೂ ಬಾಯಿಪಾಠ. ಒತ್ತಿದೆ. ಆ ಕಡೆ ರಿಂಗಾಯಿತು, "ಹಲೋ?" ಅಂದರು ಸುಧಕ್ಕ. ಧ್ವನಿ ಸೊರಗಿತ್ತು.

ನನಗೆ ಮಾತು ಹೊರಡಲಿಲ್ಲ. ಅವರು ಫೋನು ಇಡಲಿಲ್ಲ. ಮೆಲ್ಲಗೆ ಕೇಳಿದರು:

"ಮಗು ಹಣೆ ಒದ್ದೆಯಾಗಿತ್ತಾ, ವಾಣಿ?"

ಫೋನು ಇಟ್ಟುಬಿಟ್ಟೆ.